ವೆಬ್ ಸೇವೆಗಳ ಉತ್ತರದಲ್ಲಿ ನೇಮ್‌ಸ್ಪೇಸ್ ಪ್ರಿಫಿಕ್ಸ್‌ಗಳ ಹೊಂದಿಕೆ

ಒಂದು ಕಂಪ್ಯೂಟರ್ ಕೇಳಿದ ಮಾಹಿತಿಯನ್ನು ಇನ್ನೊಂದು ಕಂಪ್ಯೂಟರ್ ಎಕ್ಸ್‌ಎಂಎಲ್ ರೂಪದಲ್ಲಿ ಕೊಡುವಾಗ, ಉತ್ತರದ ಟ್ಯಾಗ್‌ಗಳಲ್ಲಿ ಹೆಸರಿಗೆ ಮೊದಲು ಬಂದು ಕೋಲನ್ ಚಿಹ್ನೆಯಿಂದ ಬೇರ್ಪಡುವ ಗಿಡ್ಡ ಗುರುತೇ ನೇಮ್‌ಸ್ಪೇಸ್ ಪ್ರಿಫಿಕ್ಸ್. ಈ ಗುರುತು ಇಂಥದೇ ಇರಬೇಕೆಂದು ಎಕ್ಸ್‌ಎಂಎಲ್ ಮಾನದಂಡ ಸಾಮಾನ್ಯವಾಗಿ ಹೇಳುವುದಿಲ್ಲ. ಆದರೂ ಆ ಉತ್ತರವನ್ನು ಓದುವ ಹಳೆಯ ತಂತ್ರಾಂಶಗಳಲ್ಲಿ ಎಷ್ಟೋ ಒಂದು ನಿರ್ದಿಷ್ಟ ಗುರುತನ್ನೇ ನೆಚ್ಚಿಕೊಂಡು ಕೂತಿರುತ್ತವೆ. ಸರ್ವರ್ ಕಡೆ ಲೈಬ್ರರಿ ಬದಲಾಗಿ, ಇದ್ದಕ್ಕಿದ್ದಂತೆ ಬೇರೆ ಗುರುತು ಬಂದರೆ ಅವು ಉತ್ತರವನ್ನು ಓದಲಾರದೆ ನಿಲ್ಲುತ್ತವೆ. ಅಂಥ ಬಳಕೆದಾರ ತಂತ್ರಾಂಶಗಳಿಗಾಗಿ ಹಳೆಯ ಗುರುತನ್ನು ಉದ್ದೇಶಪೂರ್ವಕವಾಗಿ ಉಳಿಸಿಕೊಡುವ ಅಥವಾ ಮರಳಿ ತರುವ ಕೆಲಸ ಈ ಲೇಖನದ ವಿಷಯ. ಭೂದಾಖಲೆ, ಗುರುತಿನ ದೃಢೀಕರಣ, ಹಣ ಪಾವತಿ ಮೊದಲಾದ ಸಾರ್ವಜನಿಕ ಸೇವೆಗಳಲ್ಲಿ ಹೊಸ ವ್ಯವಸ್ಥೆಯೂ ಹಳೆಯ ವ್ಯವಸ್ಥೆಯೂ ಅಕ್ಕಪಕ್ಕದಲ್ಲಿ ವರ್ಷಗಟ್ಟಲೆ ದುಡಿಯಬೇಕಾಗುವುದರಿಂದ ಇದು ಬರೀ ಪ್ರೋಗ್ರಾಮರ್‌ಗಳ ಮೇಜಿನ ಪ್ರಶ್ನೆಯಾಗಿ ಉಳಿದಿಲ್ಲ.

ನೇಮ್‌ಸ್ಪೇಸ್ ಬಂದದ್ದು ಏಕೆ

ಎಕ್ಸ್‌ಎಂಎಲ್ 1.0 ಅನ್ನು ವರ್ಲ್ಡ್ ವೈಡ್ ವೆಬ್ ಕನ್ಸಾರ್ಷಿಯಂ 1998ರ ಫೆಬ್ರವರಿ 10ರಂದು ಶಿಫಾರಸಾಗಿ ಹೊರಡಿಸಿತು. ಎಚ್‌ಟಿಎಂಎಲ್‌ನಲ್ಲಿ ಟ್ಯಾಗ್‌ಗಳು ಮೊದಲೇ ಗೊತ್ತುಮಾಡಿದಂಥವು. ಎಕ್ಸ್‌ಎಂಎಲ್‌ನಲ್ಲಿ ಯಾರು ಬೇಕಾದರೂ ತಮಗೆ ಬೇಕಾದ ಹೆಸರನ್ನು ಟ್ಯಾಗ್‌ಗೆ ಇಡಬಹುದು. ಆ ಸ್ವಾತಂತ್ರ್ಯದೊಂದಿಗೇ ತೊಡಕೂ ಬಂತು. ಕಂದಾಯ ಇಲಾಖೆಯ ಕಡತದಲ್ಲಿ ‘ಖಾತೆ’ ಎಂದರೆ ಜಮೀನಿನ ಖಾತೆ, ಬ್ಯಾಂಕಿನ ಕಡತದಲ್ಲಿ ‘ಖಾತೆ’ ಎಂದರೆ ಹಣವಿಡುವ ಖಾತೆ. ಬೆಳೆ ಸಾಲದ ಅರ್ಜಿಯೊಂದರಲ್ಲಿ ಎರಡೂ ಒಟ್ಟಿಗೆ ಬಂದಾಗ ಯಾವುದು ಯಾವುದೆಂದು ಯಂತ್ರಕ್ಕೆ ತಿಳಿಯಬೇಕು. ಇದಕ್ಕೆ ಪರಿಹಾರವಾಗಿ 1999ರ ಜನವರಿ 14ರಂದು ಬಂದದ್ದು ಎಕ್ಸ್‌ಎಂಎಲ್ ನೇಮ್‌ಸ್ಪೇಸ್ ಮಾನದಂಡ. ಟಿಮ್ ಬ್ರೇ, ಡೇವ್ ಹಾಲಂಡರ್, ಆಂಡ್ರ್ಯೂ ಲೇಮನ್ ಅದರ ಸಂಪಾದಕರು. ಈಗ ಬಳಕೆಯಲ್ಲಿರುವುದು 2009ರ ಡಿಸೆಂಬರ್‌ನಲ್ಲಿ ಪ್ರಕಟವಾದ ಮೂರನೆಯ ಆವೃತ್ತಿ.

ಮಾನದಂಡದ ಪ್ರಕಾರ ಪ್ರತಿ ಹೆಸರಿನ ನಿಜವಾದ ಗುರುತು ಎರಡು ಭಾಗದ್ದು: ನೇಮ್‌ಸ್ಪೇಸ್ ಎಂಬ, ವೆಬ್ ವಿಳಾಸದಂತೆ ಕಾಣುವ ಉದ್ದನೆಯ ಯುಆರ್‌ಐ, ಮತ್ತು ಅದರೊಳಗಿನ ಸ್ಥಳೀಯ ಹೆಸರು. ಪ್ರತಿ ಟ್ಯಾಗ್‌ನಲ್ಲೂ ಯುಆರ್‌ಐಯನ್ನು ಪೂರ್ತಿ ಬರೆಯಲಾಗದ ಕಾರಣ ಅದರ ಬದಲಿಗೆ ನಿಲ್ಲುವ ಸಂಕ್ಷೇಪವೇ ಪ್ರಿಫಿಕ್ಸ್. ನಮ್ಮಲ್ಲಿ ಹೆಸರಿಗೆ ಮೊದಲು ಬರುವ ಇನಿಷಿಯಲ್‌ನಂತೆ ಇದು: ‘ಎಂ’ ಎಂಬ ಅಕ್ಷರ ಒಬ್ಬರಿಗೆ ಮಧುಗಿರಿ, ಇನ್ನೊಬ್ಬರಿಗೆ ಮದಲೂರು, ಊರು ಯಾವುದೆಂದು ಬೇರೆಡೆ ಬಿಡಿಸಿ ಬರೆದಿರಬೇಕು, ಮುಖ್ಯವಾಗುವುದೂ ಆ ಊರೇ. ಎಕ್ಸ್‌ಎಂಎಲ್‌ನಲ್ಲಿ ಹಾಗೆ ಬಿಡಿಸಿ ಬರೆಯುವ ಸಾಲಿಗೆ ನೇಮ್‌ಸ್ಪೇಸ್ ಘೋಷಣೆ ಎಂದು ಹೆಸರು. ಘೋಷಣೆ ಯಾವ ಟ್ಯಾಗ್‌ನಲ್ಲಿದೆಯೋ ಅಲ್ಲಿಂದ ಅದರ ಒಳಗಿನ ಎಲ್ಲ ಟ್ಯಾಗ್‌ಗಳಿಗೂ ಅನ್ವಯಿಸುತ್ತದೆ. ಒಳಗಿನ ಟ್ಯಾಗ್‌ನಲ್ಲಿ ಅದೇ ಪ್ರಿಫಿಕ್ಸನ್ನು ಬೇರೆ ಯುಆರ್‌ಐಗೆ ಕಟ್ಟಲೂಬಹುದು. ಪ್ರಿಫಿಕ್ಸ್ ಇಲ್ಲದೆಯೇ ಒಂದು ಯುಆರ್‌ಐಯನ್ನು ಘೋಷಿಸಿದರೆ ಅದು ಪೂರ್ವನಿಯೋಜಿತ ನೇಮ್‌ಸ್ಪೇಸ್ ಆಗಿ, ಪ್ರಿಫಿಕ್ಸ್ ಇಲ್ಲದ ಟ್ಯಾಗ್‌ಗಳೆಲ್ಲ ಅದಕ್ಕೆ ಸೇರುತ್ತವೆ. ಟ್ಯಾಗ್‌ನೊಳಗೆ ಹೆಸರು-ಮೌಲ್ಯದ ಜೋಡಿಯಾಗಿ ಬರುವ ಆಟ್ರಿಬ್ಯೂಟ್‌ಗಳು ಮಾತ್ರ ಸೇರುವುದಿಲ್ಲ. ಅನುಭವಿಗಳೂ ಎಡವುವ ಜಾಗ ಇದು.

ಆದ್ದರಿಂದ ಒಂದೇ ಯುಆರ್‌ಐಗೆ ಒಂದು ಸರ್ವರ್ ‘ಭೂ’ ಎಂದೂ ಇನ್ನೊಂದು ‘ಎನ್‌ಎಸ್2’ ಎಂದೂ ಪ್ರಿಫಿಕ್ಸ್ ಕೊಟ್ಟರೆ, ಮಾನದಂಡದ ಕಣ್ಣಿಗೆ ಎರಡು ಉತ್ತರಗಳಿಗೂ ಒಂದೇ ಅರ್ಥ.

ಪ್ರಿಫಿಕ್ಸ್ ಆರಿಸುವವರು ಯಾರು

ವೆಬ್ ಸೇವೆಗಳ ಸಂದೇಶಗಳಿಗೆ ರೂಪ ಕೊಡುವ ಎಕ್ಸ್‌ಎಂಎಲ್ ಒಡಂಬಡಿಕೆ ಸೋಪ್. ಅದರ 1.1ನೆಯ ಆವೃತ್ತಿ ಟಿಪ್ಪಣಿಯಾಗಿ ಹೊರಬಂದದ್ದು 2000ದ ಮೇ ತಿಂಗಳಲ್ಲಿ, ಸೋಪ್ 1.2 ಶಿಫಾರಸಾದದ್ದು 2003ರ ಜೂನ್ 24ರಂದು. ಎರಡರಲ್ಲೂ ಪ್ರತಿ ಸಂದೇಶವೂ ಒಂದು ಲಕೋಟೆಯೊಳಗೆ ಬರುತ್ತದೆ, ಲಕೋಟೆಯ ಟ್ಯಾಗ್‌ಗಳಿಗೆ ತಮ್ಮದೇ ನೇಮ್‌ಸ್ಪೇಸ್ ಇದೆ. 1.1ರ ಉದಾಹರಣೆಗಳಲ್ಲಿ ಲಕೋಟೆಯ ಪ್ರಿಫಿಕ್ಸ್ ‘ಸೋಪ್-ಎನ್ವ್’, 1.2ರ ಉದಾಹರಣೆಗಳಲ್ಲಿ ಬರೀ ‘ಎನ್ವ್’. ಉದಾಹರಣೆಗಳಿಗೆ ಅಷ್ಟೇ ಬೆಲೆ, ಅವು ನಿಯಮವಲ್ಲ. ಹೀಗಾಗಿ ಪ್ರತಿ ತಂತ್ರಾಂಶ ತಯಾರಕರೂ ತಮಗೆ ತೋಚಿದ್ದನ್ನು ಹಿಡಿದರು. ಮೈಕ್ರೋಸಾಫ್ಟ್‌ನ ಎಎಸ್‌ಪಿ ಡಾಟ್ ನೆಟ್‌ನ ಮೊದಲ ತಲೆಮಾರಿನ ವೆಬ್ ಸೇವೆಗಳು ‘ಸೋಪ್’ ಎಂದು ಬರೆದರೆ, ಅದೇ ಸಂಸ್ಥೆಯ ಮುಂದಿನ ತಲೆಮಾರಿನ ಡಬ್ಲ್ಯುಸಿಎಫ್ ಒಂದೇ ಅಕ್ಷರದ ಸಣ್ಣ ‘ಎಸ್’ ಬರೆಯಿತು. ಜಾವಾದ ಅಪಾಚೆ ಆಕ್ಸಿಸ್ ‘ಸೋಪ್‌ಎನ್ವ್’ ಎಂದಿತು, ಮೆಟ್ರೋ ದೊಡ್ಡ ‘ಎಸ್’ ಎಂದಿತು, ಸ್ಪ್ರಿಂಗ್‌ನ ವೆಬ್ ಸೇವೆಗಳು ಸಾಮಾನ್ಯವಾಗಿ ‘ಸೋಪ್-ಎನ್ವ್’ಗೆ ಅಂಟಿಕೊಂಡವು.

ಲಕೋಟೆಯ ಒಳಗಿನ ಮಾಹಿತಿಯ ಕಥೆ ಇನ್ನೂ ಅಸ್ಥಿರ. ಜಾವಾದ ವಸ್ತುಗಳನ್ನು ಎಕ್ಸ್‌ಎಂಎಲ್ ಆಗಿಸುವ ಜಾಕ್ಸ್‌ಬಿ ಲೈಬ್ರರಿ ತಾನಾಗಿ ಬಿಟ್ಟರೆ ಎನ್‌ಎಸ್2, ಎನ್‌ಎಸ್3 ಎಂದು ಎಣಿಸುತ್ತಾ ಹೋಗುತ್ತದೆ. ಪಿಎಚ್‌ಪಿಯ ಸೋಪ್ ಕ್ಲೈಂಟ್ ಎನ್‌ಎಸ್1ರಿಂದ ಆರಂಭಿಸುತ್ತದೆ, ಪೈಥಾನ್‌ನ ಎಲಿಮೆಂಟ್‌ಟ್ರೀ ಎನ್‌ಎಸ್0 ಇಂದ. ಈ ಅಂಕಿಗಳಿಗೆ ಯಾವ ಖಾತ್ರಿಯೂ ಇಲ್ಲ. ಸೇವೆಗೆ ಟ್ಯಾಗ್‌ಗಳ ರಚನೆಯನ್ನು ಹೇಳುವ ಹೊಸ ಸ್ಕೀಮಾ ಒಂದನ್ನು ಸೇರಿಸಿದರೆ ನಿನ್ನೆಯ ಎನ್‌ಎಸ್2 ಇಂದು ಎನ್‌ಎಸ್3 ಆಗಿಬಿಡಬಹುದು. ಉತ್ತರದ ತಿರುಳಿನಲ್ಲಿ ಒಂದಕ್ಷರವೂ ಬದಲಾಗಿರುವುದಿಲ್ಲ, ಆದರೂ ಅದನ್ನು ಓದುತ್ತಿದ್ದ ಹತ್ತಾರು ಕಚೇರಿಗಳ ತಂತ್ರಾಂಶಗಳು ನಿಂತುಹೋಗಬಹುದು.

ಹಳೆಯ ತಂತ್ರಾಂಶ ಏಕೆ ಎಡವುತ್ತದೆ

ಮೊದಲ ಕಾರಣ, ಉತ್ತರವನ್ನು ಎಕ್ಸ್‌ಎಂಎಲ್ ಎಂದು ನೋಡದೆ ಬರೀ ಅಕ್ಷರಗಳ ಸಾಲೆಂದು ನೋಡುವುದು. ಎಕ್ಸ್‌ಎಂಎಲ್ ಅನ್ನು ಓದಿ ಬಿಡಿಸುವ ಪಾರ್ಸರ್ ದುಬಾರಿಯಾಗಿದ್ದ ಕಾಲದಲ್ಲಿ, ಅಥವಾ ಪಾರ್ಸರ್ ಇಲ್ಲದ ಪುಟ್ಟ ಯಂತ್ರಗಳಲ್ಲಿ, ಆರಂಭದ ಟ್ಯಾಗ್ ಎಲ್ಲಿದೆ, ಮುಕ್ತಾಯದ ಟ್ಯಾಗ್ ಎಲ್ಲಿದೆ ಎಂದು ಹುಡುಕಿ ನಡುವಿನದನ್ನು ಕತ್ತರಿಸಿಕೊಳ್ಳುವುದು ಸಲೀಸಾದ ದಾರಿಯಾಗಿತ್ತು. ಹುಡುಕುವ ಸಾಲಿನೊಳಗೆ ಪ್ರಿಫಿಕ್ಸ್ ಸೇರಿಯೇ ಇರುತ್ತದೆ. ಅದು ಬದಲಾದರೆ ಹುಡುಕಾಟ ಬರಿಗೈಯಲ್ಲಿ ಮರಳುತ್ತದೆ.

ಎರಡನೆಯದು ಹೆಚ್ಚು ನವಿರಾದದ್ದು. ಪಾರ್ಸರ್ ಇರುತ್ತದೆ, ಅದಕ್ಕೆ ನೇಮ್‌ಸ್ಪೇಸ್‌ನ ಅರಿವು ಇರುವುದಿಲ್ಲ. ಜಾವಾದ ಪ್ರಮಾಣಿತ ಡಾಮ್ ಪಾರ್ಸರನ್ನು ತಯಾರಿಸುವ ಕ್ಲಾಸಿನಲ್ಲಿ ನೇಮ್‌ಸ್ಪೇಸ್ ಅರಿವು ಪೂರ್ವನಿಯೋಜಿತವಾಗಿ ಆಫ್ ಆಗಿಯೇ ಇರುತ್ತದೆ. ಬೇಕೆಂದವರು ಹೇಳಿ ಹಚ್ಚಿಸಬೇಕು. ಅದನ್ನು ಮರೆತ ಪ್ರೋಗ್ರಾಮ್‌ಗೆ ‘ಭೂ:ಪಹಣಿ’ ಎಂಬುದು ಎರಡು ಭಾಗದ ಹೆಸರಲ್ಲ, ಕೋಲನ್ ಸೇರಿದ ಒಂದೇ ಹೆಸರು. ಪರೀಕ್ಷೆಯ ದಿನ ಎಲ್ಲವೂ ನಡೆಯುತ್ತದೆ, ಏಕೆಂದರೆ ಸರ್ವರ್ ಅಂದು ಅದೇ ಪ್ರಿಫಿಕ್ಸನ್ನು ಕೊಡುತ್ತಿರುತ್ತದೆ. ತಪ್ಪು ಅಡಗಿ ಕೂತು, ವರ್ಷಗಳ ಮೇಲೆ ಬೇರೆಯವರು ಸರ್ವರನ್ನು ಮೇಲ್ದರ್ಜೆಗೇರಿಸಿದ ದಿನ ಹೊರಬೀಳುತ್ತದೆ. ಇಂಥ ಸಂದರ್ಭದಲ್ಲಿ ದೂರು ಹೋಗುವುದು ಸದಾ ಅಂದು ಬದಲಾವಣೆ ಮಾಡಿದವರ ಮೇಲೆಯೇ. ದೋಷ ಇರುವುದು ಓದುವವರಲ್ಲಿ ಎಂದು ಮಾನದಂಡವನ್ನು ತೋರಿಸಿ ವಾದಿಸಬಹುದು, ಆದರೆ ಆ ವಾದದಿಂದ ನಿಂತ ಕೆಲಸ ನಡೆಯುವುದಿಲ್ಲ.

ಮೂರನೆಯ ಕಾರಣಕ್ಕೆ ಹಳೆಯ ತಂತ್ರಾಂಶವನ್ನು ದೂರುವಂತೆಯೇ ಇಲ್ಲ. ಪ್ರಿಫಿಕ್ಸ್ ಟ್ಯಾಗ್‌ನ ಹೆಸರಿನಲ್ಲಿ ಮಾತ್ರವಲ್ಲ, ಮಾಹಿತಿಯ ಒಳಗೂ ಬರುತ್ತದೆ. ಸೋಪ್ 1.1ರಲ್ಲಿ ದೋಷ ಸಂಭವಿಸಿದಾಗ ಕೊಡುವ ದೋಷಸಂಕೇತ ಹೀಗೆ ಪ್ರಿಫಿಕ್ಸ್ ಸಹಿತ ಹೆಸರಾಗಿ ಟ್ಯಾಗ್‌ಗಳ ನಡುವಿನ ಪಠ್ಯದಲ್ಲಿ ಕೂರುತ್ತದೆ. ಒಂದು ಮೌಲ್ಯ ಪಠ್ಯವೋ ಸಂಖ್ಯೆಯೋ ಎಂದು ತಿಳಿಸುವ ಸ್ಕೀಮಾ ಆಟ್ರಿಬ್ಯೂಟ್‌ನ ಒಳಗೂ ಪ್ರಿಫಿಕ್ಸ್ ಇದೆ. ಟ್ಯಾಗ್‌ಗಳ ಪ್ರಿಫಿಕ್ಸ್ ಬದಲಿಸಿ ಈ ಒಳಗಿನವನ್ನು ಬಿಟ್ಟರೆ, ಘೋಷಣೆಯೇ ಇಲ್ಲದ ಪ್ರಿಫಿಕ್ಸ್ ಒಂದು ಪಠ್ಯದಲ್ಲಿ ಅನಾಥವಾಗಿ ಉಳಿಯುತ್ತದೆ. ಎಲ್ಲವೂ ಸರಿಯಿದ್ದಾಗ ಈ ದೋಷ ಕಾಣುವುದಿಲ್ಲ. ಸರ್ವರ್ ದೋಷಸಂದೇಶ ಕಳಿಸಿದ ಗಳಿಗೆಯಲ್ಲೇ ಕಾಣುತ್ತದೆ, ಆಗ ನಿಜವಾದ ದೋಷವೇನೆಂದು ತಿಳಿಯುವ ದಾರಿಯೂ ಮುಚ್ಚಿಹೋಗುತ್ತದೆ. ಪ್ರಿಫಿಕ್ಸ್ ಹೊಂದಿಸಿದ ಪ್ರತಿ ಸೇವೆಯನ್ನೂ ಯಶಸ್ವಿ ಉತ್ತರದಿಂದಷ್ಟೇ ಅಲ್ಲ, ದೋಷದ ಉತ್ತರದಿಂದಲೂ ಪರೀಕ್ಷಿಸಬೇಕೆನ್ನುವುದು ಇದರಿಂದ.

ಎಕ್ಸ್‌ಪಾತ್ ಎಂಬ ಹುಡುಕು ಭಾಷೆಯ ತೊಡಕೂ ಇದೆ. ಎಕ್ಸ್‌ಪಾತ್ 1.0ರಲ್ಲಿ ಪ್ರಿಫಿಕ್ಸ್ ಇಲ್ಲದ ಹೆಸರು ಯಾವ ನೇಮ್‌ಸ್ಪೇಸಿಗೂ ಸೇರದ್ದೆಂದೇ ಅರ್ಥ. ಉತ್ತರ ಪೂರ್ವನಿಯೋಜಿತ ನೇಮ್‌ಸ್ಪೇಸ್ ಬಳಸಿದ್ದರೆ ಕಣ್ಣೆದುರಿಗಿರುವ ಟ್ಯಾಗ್ ಕೂಡ ಎಕ್ಸ್‌ಪಾತ್‌ಗೆ ಸಿಗುವುದಿಲ್ಲ.

ಮದಲೂರಿನ ಪಹಣಿಯಿಂದ ಡಿಜಿಲಾಕರ್‌ವರೆಗೆ

ಇಂಥ ಸೇವೆಗಳು ಜನರನ್ನು ಹೇಗೆ ಮುಟ್ಟುತ್ತವೆಯೆಂದು ನೋಡಲು ಕರ್ನಾಟಕದ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳನ್ನೇ ತೆಗೆದುಕೊಳ್ಳಿ. ಮಳೆ ಕಡಿಮೆಯ, ಶೇಂಗಾ ನೆಚ್ಚಿದ ಸೀಮೆ ಇದು. ಶಿರಾ ತಾಲ್ಲೂಕಿನ ಮದಲೂರಿನ ಕೆರೆಗೆ ಹೇಮಾವತಿಯ ನೀರು ಹರಿಸುವುದೇ 2020ರ ಶಿರಾ ಉಪಚುನಾವಣೆಯ ದೊಡ್ಡ ಮಾತಾಗಿತ್ತೆಂದರೆ ಇಲ್ಲಿ ಬೆಳೆ ವಿಮೆಗೆ ಎಷ್ಟು ಮಹತ್ವವಿದೆಯೆಂದು ಊಹಿಸಬಹುದು. ಮದಲೂರಿನ ರೈತರೊಬ್ಬರು ವಿಮೆಗೆ ಅರ್ಜಿ ಹಾಕಿದಾಗ ಅವರ ಸರ್ವೆ ನಂಬರು, ಆಧಾರ್, ಬ್ಯಾಂಕ್ ಖಾತೆ ಮೂರೂ ಬೇರೆಬೇರೆ ಸಂಸ್ಥೆಗಳ ಕಂಪ್ಯೂಟರುಗಳಲ್ಲಿವೆ. ರಾಜ್ಯದ ಬೆಳೆ ವಿಮೆಯ ‘ಸಂರಕ್ಷಣೆ’ ಪೋರ್ಟಲ್, ರೈತರಿಗೆ ಎಫ್‌ಐಡಿ ಸಂಖ್ಯೆ ಕೊಡುವ ‘ಫ್ರೂಟ್ಸ್’ ವ್ಯವಸ್ಥೆ, ಆಸ್ತಿ ನೋಂದಣಿಯ ‘ಕಾವೇರಿ’, ಎಲ್ಲಕ್ಕೂ ತಳಹದಿಯಾದ ಭೂದಾಖಲೆಯ ‘ಭೂಮಿ’ ಇವೆಲ್ಲ ಒಂದಕ್ಕೊಂದು ಪ್ರಶ್ನೆ ಕೇಳಿ ಉತ್ತರ ಪಡೆಯುವ ಸ್ಥಿತಿಯಲ್ಲಿ ನಿಂತಿವೆ. ಕಚೇರಿಯ ಕೌಂಟರಿನಲ್ಲಿ ‘ಸರ್ವರ್ ಇಲ್ಲ, ನಾಳೆ ಬನ್ನಿ’ ಎಂಬ ಮಾತಿಗೆ ಕಾರಣ ವಿದ್ಯುತ್ತಿರಬಹುದು, ತಂತಿಯಿರಬಹುದು. ಎರಡು ಯಂತ್ರಗಳು ಒಂದರ ಮಾತನ್ನೊಂದು ಓದಲಾಗದೆ ಹೋದದ್ದೂ ಇರಬಹುದು. ಒಂದು ದಿನದ ಕೂಲಿ ಬಿಟ್ಟು ಬಂದವರಿಗೆ ಈ ಮೂರರಲ್ಲಿ ವ್ಯತ್ಯಾಸವೇನೂ ಇಲ್ಲ.

ಭೂಮಿ ಯೋಜನೆ ಇಸವಿ 2000ದ ಆಸುಪಾಸಿನಲ್ಲಿ, ರಾಜೀವ್ ಚಾವ್ಲಾ ಅವರ ಮುಂದಾಳತ್ವದಲ್ಲಿ, ರಾಷ್ಟ್ರೀಯ ಮಾಹಿತಿ ಕೇಂದ್ರದ ತಂತ್ರಾಂಶದೊಂದಿಗೆ ಕರ್ನಾಟಕದ ತಾಲ್ಲೂಕುಗಳಿಗೆ ಹರಡಿತು. ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ಗಣಕಕ್ಕೇರಿದವು; 15 ರೂಪಾಯಿ ಕೊಟ್ಟು ತಾಲ್ಲೂಕು ಕಚೇರಿಯ ಕಿಯಾಸ್ಕಿನಲ್ಲಿ ಪಹಣಿ ಪಡೆಯುವುದು ಆಗ ದೊಡ್ಡ ಸುದ್ದಿ. ಎಕ್ಸ್‌ಎಂಎಲ್ ನೇಮ್‌ಸ್ಪೇಸ್ ಮಾನದಂಡಕ್ಕೆ ಆಗಿನ್ನೂ ಒಂದೆರಡು ವರ್ಷ ವಯಸ್ಸು ಎಂಬುದನ್ನು ನೆನೆದರೆ, ಸರ್ಕಾರಿ ಗಣಕೀಕರಣ ಎಷ್ಟು ತಲೆಮಾರುಗಳ ತಂತ್ರಜ್ಞಾನವನ್ನು ಹೊತ್ತು ನಡೆದಿದೆಯೆಂದು ತಿಳಿಯುತ್ತದೆ. ಮುಂದೆ ಭೂಮಿ ಪೋರ್ಟಲ್‌ನ ನಾಗರಿಕ ಸೇವೆಗಳಲ್ಲಿ ‘ಆರ್‌ಟಿಸಿ ಎಕ್ಸ್‌ಎಂಎಲ್ ಪರಿಶೀಲನೆ’ (ಆರ್‌ಟಿಸಿ ಎಂದರೆ ಪಹಣಿ) ಎಂಬುದೂ ಸೇರಿತು: ಉಲ್ಲೇಖ ಸಂಖ್ಯೆಯನ್ನು ಕೊಟ್ಟು ಪಹಣಿ ಅಸಲಿಯೇ ಎಂದು ನೋಡುವ ಸೌಲಭ್ಯ. ಸಾಮಾನ್ಯ ಜನರ ಸೇವಾಪಟ್ಟಿಯಲ್ಲಿ ಎಕ್ಸ್‌ಎಂಎಲ್ ಎಂಬ ಹೆಸರು ನೇರವಾಗಿ ಕಾಣಿಸಿಕೊಂಡ ಅಪರೂಪದ ಸಂದರ್ಭ ಇದು.

ರಾಷ್ಟ್ರಮಟ್ಟದ ವ್ಯವಸ್ಥೆಗಳಲ್ಲಿ ಪ್ರಿಫಿಕ್ಸ್‌ನ ಪಾತ್ರ ಇನ್ನೂ ಸ್ಪಷ್ಟ. 2016ರ ಏಪ್ರಿಲ್‌ನಲ್ಲಿ ಆರಂಭವಾದ ಯುಪಿಐಯ ಸಂದೇಶಗಳು ಎಕ್ಸ್‌ಎಂಎಲ್‌ನಲ್ಲಿವೆ. ಅದರ ತಾಂತ್ರಿಕ ವಿವರಣೆಯಲ್ಲಿ ಹೊರಗಿನ ಟ್ಯಾಗ್‌ಗಳು ‘ಯುಪಿಐ’ ಎಂಬ ಪ್ರಿಫಿಕ್ಸ್‌ನೊಂದಿಗೇ ಬರೆಯಲ್ಪಟ್ಟಿವೆ. ಆಧಾರ್ ದೃಢೀಕರಣದ ಎಪಿಐ ಬೇರೆ ದಾರಿ ಹಿಡಿಯಿತು: ಅಲ್ಲಿ ಪ್ರಿಫಿಕ್ಸ್ ಇಲ್ಲ, ಪೂರ್ವನಿಯೋಜಿತ ನೇಮ್‌ಸ್ಪೇಸ್ ಇದೆ, ಮತ್ತು ಆವೃತ್ತಿಯ ಸಂಖ್ಯೆ ಆ ಯುಆರ್‌ಐಯ ಕೊನೆಯಲ್ಲೇ ಇದೆ. ಆ ಸಂಖ್ಯೆ ಬದಲಾದರೆ ನೇಮ್‌ಸ್ಪೇಸೇ ಬದಲಾಗುತ್ತದೆ, ಅಂದರೆ ಮಾನದಂಡದ ಪ್ರಕಾರವೂ ಅದು ಬೇರೆ ಸಂದೇಶ. ಬದಲಾವಣೆಯನ್ನು ಮುಚ್ಚಿಡದೆ ಎದುರಿಗೇ ಹೇಳುವ ಈ ಕ್ರಮ ಒಳ್ಳೆಯದು.

2015ರ ಜುಲೈ 1ರಂದು ಬಿಡುಗಡೆಯಾದ ಡಿಜಿಲಾಕರ್‌ನ ಉದಾಹರಣೆ ಈ ವಿಷಯದ ವಿದ್ಯಾರ್ಥಿಗಳು ಕಾಣಲೇಬೇಕಾದದ್ದು. ದಾಖಲೆ ನೀಡುವ ಇಲಾಖೆಗಳು ಅನುಸರಿಸಬೇಕಾದ ಎಪಿಐ ವಿವರಣೆಯ ಮಾದರಿ ಸಂದೇಶದಲ್ಲಿ ‘ಎನ್‌ಎಸ್2’ ಎಂಬ ಪ್ರಿಫಿಕ್ಸ್ ಘೋಷಣೆಯಾಗಿದೆ. ಅದು ಕಟ್ಟಿಕೊಂಡಿರುವ ಯುಆರ್‌ಐ ‘ಟೆಂಪ್‌ಯುಆರ್‌ಐ’, ಅಂದರೆ ಮೈಕ್ರೋಸಾಫ್ಟ್‌ನ ಉಪಕರಣಗಳು ಹೊಸ ವೆಬ್ ಸೇವೆಗೆ ತಾತ್ಕಾಲಿಕವಾಗಿ ಕೊಡುವ ಹೆಸರು. ನಿಜವಾದ ಸೇವೆ ಹೊರಬರುವ ಮುನ್ನ ಬದಲಾಯಿಸಿಕೊಳ್ಳಲೆಂದೇ ಇಟ್ಟದ್ದು. ಸಂದೇಶದ ಮೂಲ ಟ್ಯಾಗ್ ಆ ಪ್ರಿಫಿಕ್ಸನ್ನು ಬಳಸುವುದೂ ಇಲ್ಲ. ಆದರೂ ವಿವರಣೆಯಲ್ಲಿ ಅಚ್ಚಾದ ಮೇಲೆ ಇಲಾಖೆಗಳ ಪ್ರೋಗ್ರಾಮರ್‌ಗಳು ಅದನ್ನು ಹಾಗೆಯೇ ಬರೆದುಕೊಳ್ಳುವುದು ಸಹಜ. ಉಪಕರಣವೊಂದು ಉದುರಿಸಿದ ಗುರುತು ಹೀಗೆ ಸಾರ್ವಜನಿಕ ಒಪ್ಪಂದದ ಭಾಗವಾಗುತ್ತದೆ. ಇನ್ನು ಅದನ್ನು ತೆಗೆಯಬೇಕೆಂದರೆ ಓದುವವರನ್ನೆಲ್ಲ ಕೇಳಬೇಕು.

ಹೊಂದಿಸುವ ದಾರಿಗಳು

ಉತ್ತರ ಹುಟ್ಟುವ ಜಾಗದಲ್ಲೇ ಪ್ರಿಫಿಕ್ಸನ್ನು ಗೊತ್ತುಮಾಡುವುದು ಎಲ್ಲಕ್ಕಿಂತ ಹದವಾದ ದಾರಿ. ಜಾಕ್ಸ್‌ಬಿಯಲ್ಲಿ ಇದಕ್ಕೆ ಎರಡು ಉಪಾಯಗಳಿವೆ. ಪ್ಯಾಕೇಜಿನ ವಿವರ ಕಡತದಲ್ಲಿ ಸ್ಕೀಮಾ ಅನೊಟೇಷನ್ ಬರೆದು ಯಾವ ಯುಆರ್‌ಐಗೆ ಯಾವ ಪ್ರಿಫಿಕ್ಸ್ ಎಂದು ಹೇಳುವುದು ಒಂದು. ಪ್ರಿಫಿಕ್ಸ್ ಮ್ಯಾಪರ್ ಎಂಬ ಪುಟ್ಟ ಕ್ಲಾಸು ಬರೆದು, ಎಕ್ಸ್‌ಎಂಎಲ್ ಬರೆಯುವ ಮಾರ್ಷಲರ್‌ಗೆ ಒಪ್ಪಿಸುವುದು ಇನ್ನೊಂದು. ಮೊದಲನೆಯದು ಸರಳ, ಆದರೆ ಎಲ್ಲ ಉತ್ತರಗಳಿಗೂ ಒಂದೇ. ಎರಡನೆಯದರಲ್ಲಿ ಬಳಕೆದಾರರನ್ನು ನೋಡಿಕೊಂಡು ಬೇರೆಬೇರೆ ಪ್ರಿಫಿಕ್ಸ್ ಕೊಡಬಹುದು. ಮ್ಯಾಪರ್‌ಗೆ ಒಂದು ಕುತ್ತಿದೆ: ಅದು ಜಾವಾದ ಪ್ರಮಾಣಿತ ಭಾಗವಲ್ಲ, ಒಂದು ನಿರ್ದಿಷ್ಟ ಅನುಷ್ಠಾನದ ಸವಲತ್ತು. 2018ರ ಸೆಪ್ಟೆಂಬರ್‌ನಲ್ಲಿ ಬಂದ ಜಾವಾ 11ರಿಂದ ಜಾಕ್ಸ್‌ಬಿಯನ್ನು ಮೂಲ ಜಾವಾದಿಂದ ಹೊರಗಿಡಲಾಯಿತು. ಆಮೇಲೆ ಜಕಾರ್ತಾ ಎಂಬ ಹೊಸ ಹೆಸರಿನಡಿ ಬಂದಾಗ ಮ್ಯಾಪರ್ ಸೂಚಿಸುವ ಗುಣದ ಹೆಸರೂ ಬದಲಾಯಿತು. ಹಳೆಯ ಬಳಕೆದಾರರಿಗಾಗಿ ಹಾಕಿದ ಹೊಂದಿಕೆಯೇ ಮೇಲ್ದರ್ಜೆಗೇರಿಸುವಾಗ ಮೊದಲು ಮುರಿಯುವ ವಸ್ತುವಾಯಿತು.

ಡಾಟ್ ನೆಟ್‌ನಲ್ಲಿ ಎಕ್ಸ್‌ಎಂಎಲ್ ಸೀರಿಯಲೈಸರ್‌ಗೆ ನೇಮ್‌ಸ್ಪೇಸ್‌ಗಳ ಪಟ್ಟಿಯೊಂದನ್ನು ಕೊಡಬಹುದು. ಅದೇ ಪಟ್ಟಿಯನ್ನು ಕ್ಲಾಸಿನ ಒಳಗೇ ಘೋಷಿಸಿಡಲೂಬಹುದು. ಡಬ್ಲ್ಯುಸಿಎಫ್‌ನ ಲಕೋಟೆಯ ‘ಎಸ್’ ಅನ್ನು ಬದಲಿಸುವುದು ಮಾತ್ರ ಬೆವರಿಳಿಸುವ ಕೆಲಸ. ಸಂದೇಶದ ಕ್ಲಾಸನ್ನೇ ತಮ್ಮದಾಗಿ ಬರೆದು, ಲಕೋಟೆಯ ಆರಂಭ ಬರೆಯುವ ವಿಧಾನವನ್ನು ಮೀರಿ ಬರೆದು, ಆ ಸಂದೇಶವನ್ನು ಹೊರಡಿಸುವ ಫಾರ್ಮ್ಯಾಟರನ್ನು ಸೇವೆಗೆ ಜೋಡಿಸಬೇಕು. ಪೈಥಾನ್‌ನಲ್ಲಿ ಎಲಿಮೆಂಟ್‌ಟ್ರೀಗೆ ಒಂದು ಸಾಲಿನ ನೋಂದಣಿ ಸಾಕು.

ಲಕೋಟೆ ಸಿದ್ಧವಾದ ಮೇಲೆ, ತಂತಿಗೆ ಬೀಳುವ ಮುನ್ನ ತಡೆದು ತಿದ್ದುವುದು ಎರಡನೆಯ ದಾರಿ. ಸ್ಪ್ರಿಂಗ್‌ನಲ್ಲಿ ಇಂಟರ್‌ಸೆಪ್ಟರ್, ಜಾಕ್ಸ್-ಡಬ್ಲ್ಯುಎಸ್‌ನಲ್ಲಿ ಹ್ಯಾಂಡ್ಲರ್ ಎಂದು ಇದನ್ನು ಕರೆಯುತ್ತಾರೆ. ಹಳೆಯ ಘೋಷಣೆಯನ್ನು ತೆಗೆದು, ಹೊಸದನ್ನು ಸೇರಿಸಿ, ಲಕೋಟೆ, ಶೀರ್ಷ, ಒಡಲು, ದೋಷ ಈ ನಾಲ್ಕೂ ಭಾಗಗಳ ಪ್ರಿಫಿಕ್ಸನ್ನು ಒಂದೊಂದಾಗಿ ಬದಲಿಸಬೇಕು. ಹೊರಗಿನದನ್ನು ಬದಲಿಸಿದರೆ ಒಳಗಿನವು ತಾವಾಗಿ ಬದಲಾಗುವುದಿಲ್ಲ. ಅಪಾಚೆ ಸಿಎಕ್ಸ್‌ಎಫ್‌ನಲ್ಲಿ ಲಕೋಟೆಯ ನೇಮ್‌ಸ್ಪೇಸ್ ನಕ್ಷೆಯನ್ನು ಸೇವೆಯ ಗುಣವಾಗಿಯೇ ಕೊಡಬಹುದು.

ಮೂಲ ಸೇವೆಯನ್ನು ಮುಟ್ಟಲಾಗದ ಕಡೆ, ಅದರ ಎದುರಿಗೆ ಗೇಟ್‌ವೇ ನಿಲ್ಲಿಸಿ, ಎಕ್ಸ್‌ಎಂಎಲ್ ಅನ್ನು ರೂಪಾಂತರಿಸುವ ಎಕ್ಸ್‌ಎಸ್‌ಎಲ್‌ಟಿ ಬರಹದಿಂದ ಪ್ರಿಫಿಕ್ಸ್ ಬದಲಿಸುತ್ತಾರೆ. ಆಕರ ಕೋಡ್ ಕಳೆದುಹೋದ, ಬರೆದವರು ಬಿಟ್ಟುಹೋದ ಸೇವೆಗಳಿಗೆ ಇದೇ ಗತಿ. ದೊಡ್ಡ ಉತ್ತರಗಳಿಗೆ ಇದು ಕಂಪ್ಯೂಟರಿನ ಮೆಮೊರಿ ತಿನ್ನುತ್ತದೆ.

ಅಕ್ಷರ ಹುಡುಕಿ ಅಕ್ಷರ ಬದಲಿಸುವುದೂ ಒಂದು ದಾರಿಯಾಗಿ ಬಳಕೆಯಲ್ಲಿದೆ. ಅದನ್ನು ಯಾರಿಗೂ ಹೇಳಿಕೊಡಬಾರದು. ಪ್ರಿಫಿಕ್ಸ್‌ನಂತೆಯೇ ಕಾಣುವ ಅಕ್ಷರಗಳು ಮಾಹಿತಿಯಲ್ಲೂ ಇರಬಹುದು. ವಿಳಾಸದಲ್ಲೋ ಷರಾದಲ್ಲೋ ಅವು ಸದ್ದಿಲ್ಲದೆ ತಿದ್ದಿಹೋದರೆ ದಾಖಲೆಯೇ ಸುಳ್ಳಾಗುತ್ತದೆ.

ಸಹಿ ಇರುವ ಉತ್ತರ

ಉತ್ತರಕ್ಕೆ ಡಿಜಿಟಲ್ ಸಹಿ ಇದ್ದಾಗ ಪ್ರಿಫಿಕ್ಸ್‌ನ ಪ್ರಶ್ನೆ ಬೇರೆಯದೇ ತೂಕ ಪಡೆಯುತ್ತದೆ. ಎಕ್ಸ್‌ಎಂಎಲ್ ಸಹಿಯ ಮಾನದಂಡ 2002ರ ಫೆಬ್ರವರಿಯದು. ಒಂದೇ ಎಕ್ಸ್‌ಎಂಎಲ್ ಅನ್ನು ಹಲವು ಬಗೆಯಲ್ಲಿ ಬರೆಯಬಹುದಾದ್ದರಿಂದ, ಸಹಿ ಹಾಕುವ ಮೊದಲು ಅದನ್ನು ನಿಗದಿತ ರೂಪಕ್ಕೆ ತರಬೇಕು. ಆ ನಿಯಮಗಳಿಗೆ ಕ್ಯಾನನಿಕಲ್ ಎಕ್ಸ್‌ಎಂಎಲ್ ಎಂದು ಹೆಸರು. ಮೊದಲ ಆವೃತ್ತಿ ಬಂದದ್ದು 2001ರ ಮಾರ್ಚ್‌ನಲ್ಲಿ. ಆಟ್ರಿಬ್ಯೂಟ್‌ಗಳ ಕ್ರಮ, ಟ್ಯಾಗ್‌ನೊಳಗಿನ ಖಾಲಿ ಜಾಗ, ಉದ್ಧರಣ ಚಿಹ್ನೆಯ ಬಗೆ ಇವೆಲ್ಲ ಅಲ್ಲಿ ಒಂದು ಹದಕ್ಕೆ ಬರುತ್ತವೆ. ಪ್ರಿಫಿಕ್ಸ್ ಮಾತ್ರ ಹಾಗೆಯೇ ಉಳಿಯುತ್ತದೆ. ಮೇಲೆ ಹೇಳಿದಂತೆ ಪ್ರಿಫಿಕ್ಸ್ ಪಠ್ಯದ ಒಳಗೂ ಬರಬಹುದಾದ್ದರಿಂದ, ಅದನ್ನು ಯಾಂತ್ರಿಕವಾಗಿ ಬದಲಿಸಿದರೆ ಅರ್ಥ ಕೆಡಬಹುದೆಂದು ಮಾನದಂಡದ ಕರ್ತೃಗಳು ತಿಳಿದೇ ಅದನ್ನು ಬಿಟ್ಟರು.

ಪರಿಣಾಮ ಇದು: ಅರ್ಥಕ್ಕೆ ಸಂಬಂಧವಿಲ್ಲವೆಂದು ಒಂದು ಮಾನದಂಡ ಹೇಳುವ ಪ್ರಿಫಿಕ್ಸ್, ಸಹಿಯ ಲೆಕ್ಕದಲ್ಲಿ ಒಂದೊಂದು ಅಕ್ಷರವೂ ಎಣಿಕೆಗೆ ಬರುವ ವಸ್ತು. ಸಹಿ ಬಿದ್ದ ಮೇಲೆ ಪ್ರಿಫಿಕ್ಸ್ ಬದಲಿಸಿದರೆ ಕಡತದಿಂದ ಲೆಕ್ಕಹಾಕುವ ಹ್ಯಾಷ್ ಬದಲಾಗುತ್ತದೆ, ಸಹಿ ಸುಳ್ಳಾಗುತ್ತದೆ. ಯುಪಿಐ ಸಂದೇಶಗಳಿಗೆ ಸಹಿಯಿದೆ, ಆಧಾರ್ ದೃಢೀಕರಣದ ಕೋರಿಕೆಗೆ ಸಹಿಯಿದೆ, ಆಧಾರ್‌ನ ಆಫ್‌ಲೈನ್ ಇ-ಕೆವೈಸಿಯಾಗಿ ಜನರೇ ಇಳಿಸಿಕೊಳ್ಳುವ ಎಕ್ಸ್‌ಎಂಎಲ್ ಕಡತಕ್ಕೂ ಆಧಾರ್ ನೀಡುವ ಪ್ರಾಧಿಕಾರದ ಸಹಿಯಿದೆ. ಇಂಥ ಕಡತವನ್ನು ಒಮ್ಮೆ ತೆರೆದು, ಲೈಬ್ರರಿಯ ಮೂಲಕ ಮತ್ತೆ ಬರೆದಿಟ್ಟರೂ ಸಾಕು. ಲೈಬ್ರರಿ ತನ್ನ ರೂಢಿಯ ಎನ್‌ಎಸ್0 ಸೇರಿಸಿಬಿಟ್ಟರೆ ಒಬ್ಬರ ಹೆಸರೂ ವಿಳಾಸವೂ ಒಂದಿಷ್ಟೂ ಬದಲಾಗದಿದ್ದರೂ ದಾಖಲೆ ನಕಲಿಯೆಂದು ತೋರುತ್ತದೆ. ಸಹಿಯ ಕಡತವನ್ನು ಬಂದ ಬೈಟ್‌ಗಳಲ್ಲೇ ಕಾಪಾಡಬೇಕು. ಓದಲು ಬೇರೆ ಪ್ರತಿ ತೆಗೆದುಕೊಳ್ಳಬೇಕು. ಉತ್ತರ ಕೊಡುವವರ ಕಡೆ ಪ್ರಿಫಿಕ್ಸ್ ಹೊಂದಿಕೆ ಸಹಿಗೆ ಮೊದಲೇ ಮುಗಿದಿರಬೇಕು. ಸಹಿ ಹಾಕುವುದು ಒಳಗಿನ ಸರ್ವರ್, ಪ್ರಿಫಿಕ್ಸ್ ಬದಲಿಸುವುದು ಹೊರಗಿನ ಗೇಟ್‌ವೇ ಎಂದಾದರೆ ಆ ವಿನ್ಯಾಸವನ್ನು ಕೈಬಿಡುವುದೇ ಸರಿ.

2002ರ ಜುಲೈನಲ್ಲಿ ಬಂದ ಎಕ್ಸ್‌ಕ್ಲೂಸಿವ್ ಕ್ಯಾನನಿಕಲೈಸೇಷನ್, ಲಕೋಟೆಯಿಂದ ಹರಿದುಬರುವ ಬಳಕೆಯಿಲ್ಲದ ಘೋಷಣೆಗಳನ್ನು ಸಹಿಯ ಲೆಕ್ಕದಿಂದ ಬಿಡುತ್ತದೆ. ಹೀಗಾಗಿ ಒಳಗಿನ ಸಹಿಯ ಭಾಗವನ್ನು ಒಂದು ಲಕೋಟೆಯಿಂದ ಇನ್ನೊಂದಕ್ಕೆ ಸಾಗಿಸಬಹುದು, ಲಕೋಟೆಯ ಪ್ರಿಫಿಕ್ಸನ್ನೂ ಬದಲಿಸಬಹುದು. ಒಳಗಿನ ಟ್ಯಾಗ್‌ಗಳ ಪ್ರಿಫಿಕ್ಸಿಗೆ ಆ ರಿಯಾಯಿತಿ ಇಲ್ಲ. 2013ರಲ್ಲಿ ಟಿಪ್ಪಣಿಯಾಗಿ ಪ್ರಕಟವಾದ ಕ್ಯಾನನಿಕಲ್ ಎಕ್ಸ್‌ಎಂಎಲ್ 2.0 ಪ್ರಿಫಿಕ್ಸ್‌ಗಳನ್ನು ಕ್ರಮಸಂಖ್ಯೆಯಿಂದ ಬದಲಿಸಿ ಸಹಿ ಮಾಡುವ ಆಯ್ಕೆಯನ್ನು ಕೊಟ್ಟಿತಾದರೂ ಅದು ಶಿಫಾರಸಿನ ಮಟ್ಟಕ್ಕೆ ಏರಲಿಲ್ಲ.

ಕನ್ನಡದಲ್ಲಿ ಪ್ರಿಫಿಕ್ಸ್

ಪ್ರಿಫಿಕ್ಸ್ ಇಂಗ್ಲಿಷ್ ಅಕ್ಷರಗಳಲ್ಲೇ ಇರಬೇಕಿಲ್ಲ. ಎಕ್ಸ್‌ಎಂಎಲ್ 1.0 ತನ್ನ ಮೊದಲ ಆವೃತ್ತಿಯಿಂದಲೇ ಹೆಸರುಗಳಲ್ಲಿ ಕನ್ನಡದ ಸ್ವರ, ವ್ಯಂಜನ, ಗುಣಿತ ಚಿಹ್ನೆಗಳಿಗೆ ಜಾಗ ಕೊಟ್ಟಿದೆ. ಘೋಷಣೆಯ ಸಾಲು ಮೇಲೆ ಬಂದಿದೆಯೆಂದು ಇಟ್ಟುಕೊಂಡರೆ, ಹೀಗೆ ಬರೆದದ್ದು ಶಾಸ್ತ್ರೋಕ್ತ ಎಕ್ಸ್‌ಎಂಎಲ್:

<ಭೂ:ಪಹಣಿ><ಭೂ:ಗ್ರಾಮ>ಮದಲೂರು</ಭೂ:ಗ್ರಾಮ></ಭೂ:ಪಹಣಿ>

ಆದರೆ ಇಲ್ಲಿಯೂ ಹಳೆಯದರ ಕಾಟ ತಪ್ಪಿದ್ದಲ್ಲ. ‘ಆರ್‌ಟಿಸಿ’ ಎಂದು ಬರೆಯುವಾಗ ಒತ್ತಕ್ಷರವಾಗದಂತೆ ತಡೆಯಲು ಕಣ್ಣಿಗೆ ಕಾಣದ ಶೂನ್ಯ ಅಗಲದ ಬೇರ್ಪಡಿಕೆ ಅಕ್ಷರವೊಂದನ್ನು ನಡುವೆ ಹಾಕುತ್ತೇವೆ. ಎಕ್ಸ್‌ಎಂಎಲ್ 1.0ರ ಮೊದಲ ನಾಲ್ಕು ಆವೃತ್ತಿಗಳಲ್ಲಿ ಆ ಅಕ್ಷರಕ್ಕೆ ಹೆಸರಿನೊಳಗೆ ಪ್ರವೇಶವಿರಲಿಲ್ಲ. 2008ರ ಐದನೆಯ ಆವೃತ್ತಿ ಬಾಗಿಲು ತೆರೆಯಿತು. ಐದನೆಯ ಆವೃತ್ತಿಗೆ ಬದಲಾಗದ ಪಾರ್ಸರ್‌ಗಳು ಇಂದಿಗೂ ಬಳಕೆಯಲ್ಲಿವೆ. ಆದ್ದರಿಂದ ಕನ್ನಡದ ಪ್ರಿಫಿಕ್ಸ್ ಆರಿಸುವವರು ‘ಭೂ’, ‘ಪಹಣಿ’, ‘ಗ್ರಾಮ’ದಂತೆ ಆ ಅಕ್ಷರ ಬೇಡದ ಪದಗಳನ್ನು ಹಿಡಿದರೆ ಹಳೆಯ ಪಾರ್ಸರ್‌ಗಳಲ್ಲೂ ನಡೆಯುತ್ತದೆ. ಆಡಳಿತ ಭಾಷೆ ಕನ್ನಡವಾಗಿರುವ ರಾಜ್ಯದಲ್ಲಿ ದತ್ತಾಂಶದ ಟ್ಯಾಗ್‌ಗಳನ್ನೂ ಕನ್ನಡದಲ್ಲಿ ಬರೆಯಲು ಇದನ್ನು ಬಿಟ್ಟರೆ ದೊಡ್ಡ ತಾಂತ್ರಿಕ ಅಡ್ಡಿ ಯಾವುದೂ ಇಲ್ಲ. ಈ ಸಾಧ್ಯತೆ ಇನ್ನೂ ಹೆಚ್ಚು ಬಳಕೆಯನ್ನು ಬೇಡುತ್ತದೆ.

ಪರೀಕ್ಷೆ ಮತ್ತು ನಿವೃತ್ತಿ

ಸಾಮಾನ್ಯ ಎಕ್ಸ್‌ಎಂಎಲ್ ಪರೀಕ್ಷಾ ಉಪಕರಣಗಳು ಪ್ರಿಫಿಕ್ಸ್ ವ್ಯತ್ಯಾಸವನ್ನು ದೋಷವೆಂದು ಎಣಿಸುವುದಿಲ್ಲ. ಜಾವಾದ ಎಕ್ಸ್‌ಎಂಎಲ್‌ಯೂನಿಟ್ ಎರಡು ಕಡತಗಳು ಪ್ರಿಫಿಕ್ಸ್‌ನಲ್ಲಿ ಮಾತ್ರ ಬೇರೆಯಿದ್ದರೆ ‘ಸದೃಶ’ ಎನ್ನುತ್ತದೆ, ‘ಏಕರೂಪ’ ಎನ್ನುವುದಿಲ್ಲ. ಹಳೆಯ ಬಳಕೆದಾರರು ಇರುವ ಸೇವೆಗೆ ಏಕರೂಪದ ಪರೀಕ್ಷೆಯೇ ಬೇಕು: ಹಿಂದಿನ ಸರ್ವರ್ ಕೊಟ್ಟ ನಿಜವಾದ ಉತ್ತರಗಳನ್ನು ತೆಗೆದಿಟ್ಟು, ಹೊಸದನ್ನು ಅಕ್ಷರಕ್ಕಕ್ಷರ ತಾಳೆ ನೋಡಬೇಕು. ಖಾಸಗಿ ವಿವರಗಳನ್ನು ಅಳಿಸಿಯೇ ಇಡಬೇಕೆಂದು ಬೇರೆ ಹೇಳಬೇಕಿಲ್ಲ.

ಹೊಂದಿಕೆಯ ಆಯಸ್ಸಿನ ಬಗ್ಗೆ ಎರಡು ಅಭಿಪ್ರಾಯಗಳಿವೆ. ಮಾನದಂಡವನ್ನು ಮುಂದಿಡುವವರು ತಪ್ಪಾಗಿ ಓದುವ ತಂತ್ರಾಂಶವನ್ನು ಓಲೈಸಿದಷ್ಟೂ ಅದು ಉಳಿಯುತ್ತದೆ ಎನ್ನುತ್ತಾರೆ, ಮಾತು ನಿಜ. ಆದರೆ ಓದುವ ತಂತ್ರಾಂಶವನ್ನು ತಿದ್ದಬಲ್ಲವರು ಬೇರೆ, ಅದು ನಿಂತಾಗ ನಷ್ಟ ಅನುಭವಿಸುವವರು ಬೇರೆ ಆಗಿರುವ ಸಾರ್ವಜನಿಕ ಸೇವೆಯಲ್ಲಿ ಆ ಶಿಸ್ತಿನ ಬೆಲೆಯನ್ನು ಅರ್ಜಿದಾರರ ತಲೆಗೆ ಕಟ್ಟುವುದು ನ್ಯಾಯವಲ್ಲ. ಹಳೆಯ ಪ್ರಿಫಿಕ್ಸ್ ಕೊಡುವ ವಿಳಾಸವನ್ನು ಹಾಗೆಯೇ ಇಟ್ಟು, ಹೊಸದಕ್ಕೆ ಬೇರೆ ವಿಳಾಸ ತೆರೆದು, ಹಳೆಯದಕ್ಕೆ ಯಾರಿಂದ ಕೋರಿಕೆ ಬರುತ್ತಿದೆಯೆಂದು ಲಾಗ್‌ಗಳಲ್ಲಿ ನೋಡಿ, ಆ ಕಚೇರಿಗಳೊಡನೆ ಒಂದೊಂದಾಗಿ ಮಾತಾಡಿ ಸ್ಥಳಾಂತರಿಸುವುದು ನಿಧಾನವಾದರೂ ನಡೆಯುವ ಕ್ರಮ. ಕೋರಿಕೆ ನಿಂತು ಒಂದು ಪೂರ್ಣ ವರ್ಷವಾದರೂ ಕಾಯಬೇಕು. ಕೆಲವು ಕೆಲಸಗಳು, ಬೆಳೆ ವಿಮೆಯ ಕಂತಿನಂತೆ, ಹಂಗಾಮಿನಲ್ಲಷ್ಟೇ ನಡೆಯುತ್ತವೆ, ಉಳಿದ ತಿಂಗಳು ಲಾಗ್ ಖಾಲಿಯಿರುತ್ತದೆ.

ಹೊಸ ಸೇವೆಗಳು ಬಹುಮಟ್ಟಿಗೆ ಜೇಸನ್ ರೂಪಕ್ಕೆ ಹೊರಳಿವೆ. ಅಲ್ಲಿ ನೇಮ್‌ಸ್ಪೇಸೂ ಇಲ್ಲ, ಪ್ರಿಫಿಕ್ಸೂ ಇಲ್ಲ. ಬ್ಯಾಂಕುಗಳ ನಡುವಿನ ಪಾವತಿಯಲ್ಲಿ ಪರಿಸ್ಥಿತಿ ಬೇರೆ. ಭಾರತೀಯ ರಿಸರ್ವ್ ಬ್ಯಾಂಕಿನ ಆರ್‌ಟಿಜಿಎಸ್ 2013ರ ಅಕ್ಟೋಬರ್‌ನಿಂದ ಐಎಸ್‌ಒ 20022 ಸಂದೇಶಗಳನ್ನು ಬಳಸುತ್ತಿದೆ, ಅವು ಎಕ್ಸ್‌ಎಂಎಲ್‌ನಲ್ಲಿವೆ, ಪ್ರತಿ ಸಂದೇಶದ ಆವೃತ್ತಿಗೂ ತನ್ನದೇ ನೇಮ್‌ಸ್ಪೇಸ್ ಇದೆ.